ಟ್ರ್ಯಾಕ್ಟರ್ ಎಂಜಿನ್‌ನಲ್ಲಿ ಆಯಿಲ್ ಒತ್ತಡ ಕುಸಿತ: ಕಾರಣಗಳ ಪತ್ತೆ ಮತ್ತು ಪರಿಹಾರ

ಟ್ರ್ಯಾಕ್ಟರ್‌ನ ಮೀಟರ್ ಬೋರ್ಡಿನಲ್ಲಿ ಎಣ್ಣೆಗಿಂಡಿಯ ಚಿತ್ರವಿರುವ ಕೆಂಪು ದೀಪ ಉಳಿದ ಸೂಚಕಗಳಂತಲ್ಲ. ಡೀಸೆಲ್ ಮುಳ್ಳು ಕೆಳಗಿಳಿದರೂ ಹೊಲದ ಬದುವಿನವರೆಗೆ ಹೋಗಿ ಬರಲು ಸಮಯವಿರುತ್ತದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ದೀಪ ಉರಿದರೆ ಅಂತಹ ಸಮಯವಿಲ್ಲ. ಉಳುಮೆ ಅಥವಾ ರೋಟಾವೇಟರ್ ಕೆಲಸದ ಪೂರ್ಣ ಹೊರೆಯಲ್ಲಿರುವ ಎಂಜಿನ್, ಆಯಿಲ್ ಸರಬರಾಜು ನಿಂತ ಕೆಲವೇ ನಿಮಿಷಗಳಲ್ಲಿ ಬೇರಿಂಗ್ ಕಚ್ಚಿಕೊಂಡು ನಿಂತುಹೋಗಬಹುದು. ಮುಂಗಾರಿನ ಹದ ನಾಲ್ಕೈದು ದಿನ ಮಾತ್ರ ಉಳಿಯುವ ಹೊತ್ತಿನಲ್ಲಿ "ಇದೊಂದು ಪಟ್ಟಿ ಮುಗಿಸಿ ನೋಡೋಣ" ಎಂಬ ಯೋಚನೆ ಬರುವುದು ಸಹಜ. ಅಲ್ಲಿಗೇ ನಿಲ್ಲಿಸಿದರೆ ಒಂದು ಲೀಟರ್ ಆಯಿಲ್‌ನಲ್ಲಿಯೋ ಒಂದು ಸ್ವಿಚ್ಚಿನಲ್ಲಿಯೋ ಮುಗಿಯಬಹುದಾಗಿದ್ದ ದುರಸ್ತಿ, ಆ ಒಂದು ಪಟ್ಟಿಯ ನಂತರ ಕ್ರ್ಯಾಂಕ್ ಶಾಫ್ಟ್ ಬಿಚ್ಚುವವರೆಗೆ ಹೋಗುತ್ತದೆ.

ಈ ಲೇಖನವನ್ನು 30ರಿಂದ 55 ಅಶ್ವಶಕ್ತಿಯ, ನಮ್ಮಲ್ಲಿ ಸಾಮಾನ್ಯವಾಗಿರುವ ಡೀಸೆಲ್ ಟ್ರ್ಯಾಕ್ಟರ್‌ಗಳನ್ನು ಗಮನದಲ್ಲಿರಿಸಿಕೊಂಡು ಬರೆಯಲಾಗಿದೆ. ರೈತರ ಮನೆಯ ಕಾರು, ತರಕಾರಿ ಸಾಗಿಸುವ ಗೂಡ್ಸ್ ವಾಹನಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಅಳತೆಗಳು ಮಾತ್ರ ಬದಲಾಗುತ್ತವೆ.

ದೀಪ ಉರಿದ ಕೂಡಲೇ

ಮೊದಲು ಕ್ಲಚ್ ಒತ್ತಿ ಹೊರೆಯನ್ನು ತೆಗೆಯಬೇಕು. ಪಿಟಿಓ ಬಿಡಿಸಿ, ಉಪಕರಣವನ್ನು ನೆಲಕ್ಕಿಳಿಸಿ, ಹ್ಯಾಂಡ್ ಬ್ರೇಕ್ ಹಾಕಿ ಎಂಜಿನ್ ನಿಲ್ಲಿಸಬೇಕು. ಇಷ್ಟಕ್ಕೆ ಅರ್ಧ ನಿಮಿಷವೂ ಬೇಕಾಗದು. ಎಂಜಿನ್ ತಣ್ಣಗಾಗಲೆಂದು ಹಾಗೇ ಓಡಲು ಬಿಡುವ ಅಭ್ಯಾಸ ಇಲ್ಲಿ ಸಲ್ಲದು. ನೀರು ಕಾದಾಗ ಎಂಜಿನ್ ಅನ್ನು ನಿಧಾನ ವೇಗದಲ್ಲಿ ಓಡಿಸುವುದು ಸರಿಯಾದ ಕ್ರಮ. ಆಯಿಲ್ ಒತ್ತಡ ಇಲ್ಲದಾಗ ಓಡಿಸುವ ಪ್ರತಿ ಸುತ್ತೂ ಹಾನಿಯೇ.

ನಿಲ್ಲಿಸಿದ ಮೇಲೆ ಮತ್ತೆ ಚಾಲೂ ಮಾಡಿ "ದೀಪ ಇನ್ನೂ ಉರಿಯುತ್ತದೆಯೇ" ಎಂದು ಪರೀಕ್ಷಿಸುವುದನ್ನೂ ತಡೆಯಬೇಕು. ಟ್ರ್ಯಾಕ್ಟರ್ ಇಳಿಜಾರಿನಲ್ಲಿದ್ದರೆ ಆಳುಗಳ ಸಹಾಯದಿಂದ ಸಮತಟ್ಟಾದ ಜಾಗಕ್ಕೆ ತಳ್ಳಿ, ಹತ್ತು ನಿಮಿಷ ಕಾದು, ನಂತರ ಡಿಪ್‌ಸ್ಟಿಕ್ ನೋಡುವುದು ಮೊದಲ ಪರೀಕ್ಷೆ.

ಒತ್ತಡ ಎಲ್ಲಿಂದ ಬರುತ್ತದೆ

ಕಾರಣ ಹುಡುಕುವ ಮುನ್ನ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆಯಿಲ್ ಪಂಪ್ ಒತ್ತಡವನ್ನು ಉತ್ಪಾದಿಸುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವವಾಗಿ ಪಂಪ್ ಮಾಡುವುದು ಆಯಿಲ್ ಅನ್ನು ತಳ್ಳುವ ಕೆಲಸ ಮಾತ್ರ. ತಳ್ಳಿದ ಆಯಿಲ್‌ಗೆ ಹೊರಹೋಗಲು ದಾರಿ ಕಿರಿದಾಗಿದ್ದರೆ ಒತ್ತಡ ಹುಟ್ಟುತ್ತದೆ. ದಾರಿ ಅಗಲವಾಗಿದ್ದರೆ ಹುಟ್ಟುವುದಿಲ್ಲ. ಹನಿ ನೀರಾವರಿ ಮಾಡಿದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಮೋಟಾರು, ಅದೇ ಬೋರ್‌ವೆಲ್ ಇದ್ದರೂ ಒಂದು ಲ್ಯಾಟರಲ್ ಪೈಪಿನ ತುದಿಯ ಮುಚ್ಚಳ ಕಳಚಿಹೋದರೆ ಗೇಜಿನ ಮುಳ್ಳು ಇಳಿದು, ಕೊನೆಯ ಸಾಲಿನ ಗಿಡಗಳಿಗೆ ನೀರು ತಲುಪುವುದಿಲ್ಲ.

ಎಂಜಿನ್‌ನಲ್ಲಿಯೂ ಹಾಗೆಯೇ. ಕೆಳಗಿನ ಆಯಿಲ್ ಚೇಂಬರ್‌ನಿಂದ ಜಾಲರಿಯ ಮೂಲಕ ಪಂಪ್ ಆಯಿಲ್ ಅನ್ನು ಹೀರುತ್ತದೆ. ಒತ್ತಡ ಮಿತಿ ಮೀರದಂತೆ ರಿಲೀಫ್ ವಾಲ್ವ್ ನೋಡಿಕೊಳ್ಳುತ್ತದೆ. ಫಿಲ್ಟರ್ ದಾಟಿದ ಆಯಿಲ್ ಎಂಜಿನ್ ಬ್ಲಾಕ್‌ನ ಉದ್ದಕ್ಕೂ ಕೊರೆದಿರುವ ಮುಖ್ಯ ಕಾಲುವೆಗೆ, ಅಂದರೆ ಆಯಿಲ್ ಗ್ಯಾಲರಿಗೆ ಬರುತ್ತದೆ. ಅಲ್ಲಿಂದ ಮೇನ್ ಬೇರಿಂಗ್, ಕ್ರ್ಯಾಂಕ್‌ನ ಒಳರಂಧ್ರಗಳ ಮೂಲಕ ಕನೆಕ್ಟಿಂಗ್ ರಾಡ್ ಬೇರಿಂಗ್, ಕ್ಯಾಮ್ ಶಾಫ್ಟ್, ಕೊನೆಗೆ ತಲೆಯ ಮೇಲಿನ ರಾಕರ್‌ಗಳಿಗೆ ಹೋಗುತ್ತದೆ. ಬೇರಿಂಗ್ ಮತ್ತು ಕ್ರ್ಯಾಂಕ್‌ನ ನಡುವೆ ಕೂದಲೆಳೆಯಷ್ಟು ಅಂತರವಿರುತ್ತದೆ. ಆ ಅಂತರದಿಂದ ಸೋರಿ ಆಯಿಲ್ ಮತ್ತೆ ಚೇಂಬರ್‌ಗೆ ಬೀಳುತ್ತದೆ. ಗೇಜ್ ತೋರಿಸುವ ಒತ್ತಡವೆಂದರೆ ಈ ಎಲ್ಲ ಅಂತರಗಳು ಒಟ್ಟಾಗಿ ಒಡ್ಡುವ ತಡೆ.

ಆದ್ದರಿಂದ ಒತ್ತಡ ಇಳಿಯಲು ಮೂಲತಃ ಮೂರು ದಾರಿಗಳಿವೆ: ಪಂಪಿಗೆ ಆಯಿಲ್ ಸಾಕಷ್ಟು ಸಿಗುತ್ತಿಲ್ಲ, ಆಯಿಲ್ ತೆಳುವಾಗಿದೆ, ಇಲ್ಲವೇ ಎಲ್ಲೋ ಸೋರಿಕೆಯ ದಾರಿ ಅಗಲವಾಗಿದೆ. ಮೊದಲ ಎರಡನ್ನು ರೈತರೇ ಹೊಲದಲ್ಲಿ ಪತ್ತೆ ಮಾಡಬಹುದು. ಮೂರನೆಯದಕ್ಕೆ ಮೆಕ್ಯಾನಿಕ್ ಬೇಕು. ಎಂಜಿನ್ ಬಿಚ್ಚುವ ಮಾತು ಬರುವ ಮೊದಲು ಮೊದಲೆರಡನ್ನೂ ತಳ್ಳಿಹಾಕಿರಬೇಕು.

ಡಿಪ್‌ಸ್ಟಿಕ್ ಹೇಳುವ ನಾಲ್ಕು ಸಂಗತಿಗಳು

ಡಿಪ್‌ಸ್ಟಿಕ್ ಅನ್ನು ಹೊರತೆಗೆದು ಶುಭ್ರವಾದ ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಸೇರಿಸಿ ತೆಗೆದು ನೋಡಬೇಕು. ಬಹುತೇಕರು ಮಟ್ಟವನ್ನು ಮಾತ್ರ ನೋಡುತ್ತಾರೆ. ಮಟ್ಟ, ಬಣ್ಣ, ವಾಸನೆ, ಅಂಟು ಈ ನಾಲ್ಕನ್ನೂ ಗಮನಿಸುವುದು ಅಗತ್ಯ.

ಮಟ್ಟ ಕೆಳಗಿನ ಗುರುತಿಗಿಂತ ಇಳಿದಿದ್ದರೆ ಕಾರಣ ಬಹುಪಾಲು ಅಲ್ಲಿಯೇ ಇದೆ. ಪಂಪಿನ ಹೀರುಕೊಳವೆ ಗಾಳಿಯನ್ನು ಎಳೆದುಕೊಂಡಿರುತ್ತದೆ. ಕೈಪಿಡಿ ಸೂಚಿಸಿದ ದರ್ಜೆಯ ಆಯಿಲ್ ಅನ್ನು ಎರಡು ಗುರುತುಗಳ ನಡುವೆ, ಮೇಲಿನ ಗುರುತಿಗೆ ಹತ್ತಿರ ಬರುವಂತೆ ತುಂಬಬೇಕು. ನಂತರ ಎಂಜಿನ್ ಚಾಲೂ ಮಾಡಿದರೆ ಕೆಲವೇ ಸೆಕೆಂಡುಗಳಲ್ಲಿ ದೀಪ ಆರಬೇಕು. ಆರದಿದ್ದರೆ ತಕ್ಷಣ ನಿಲ್ಲಿಸಬೇಕು. ದೀಪ ಆರಿತೆಂದು ವಿಷಯವನ್ನು ಅಲ್ಲಿಗೇ ಬಿಡುವಂತಿಲ್ಲ. ಆಯಿಲ್ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಬೇಕು. ಚೇಂಬರ್ ಪ್ಯಾಕಿಂಗ್, ಡ್ರೈನ್ ನಟ್ಟು, ಫಿಲ್ಟರ್ ಕೂಡುವ ಜಾಗ, ಕ್ರ್ಯಾಂಕ್‌ನ ಮುಂದಿನ ಮತ್ತು ಹಿಂದಿನ ಸೀಲುಗಳನ್ನು ಒರೆಸಿ, ಒಂದು ಗಂಟೆ ಕೆಲಸ ಮಾಡಿಸಿ ಮತ್ತೆ ನೋಡಬೇಕು. ಹೊರಗೆಲ್ಲೂ ಸೋರಿಕೆ ಕಾಣದೆ, ಹೊಗೆಕೊಳವೆಯಿಂದ ನೀಲಿ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ ಸವೆದು ಆಯಿಲ್ ಸುಡುತ್ತಿದೆ ಎಂದರ್ಥ.

ಮಟ್ಟ ಮೇಲಿನ ಗುರುತನ್ನೂ ದಾಟಿ ಏರಿದ್ದರೆ ಸಂತೋಷಪಡುವ ಕಾರಣವಿಲ್ಲ. ಯಾರೂ ತುಂಬದೆ ಆಯಿಲ್ ಹೆಚ್ಚಾಗುವುದಿಲ್ಲ. ಡೀಸೆಲ್ ಅಥವಾ ನೀರು ಸೇರಿದೆ ಎಂದೇ ತಿಳಿಯಬೇಕು. ಡಿಪ್‌ಸ್ಟಿಕ್ ಅನ್ನು ಮೂಗಿನ ಹತ್ತಿರ ತಂದರೆ ಡೀಸೆಲ್ ವಾಸನೆ ಬರುತ್ತದೆ, ಬೆರಳುಗಳ ನಡುವೆ ತಿಕ್ಕಿದರೆ ಅಂಟು ಇಲ್ಲದೆ ನೀರಿನಂತೆ ಜಾರುತ್ತದೆ. ಸಂದೇಹವಿದ್ದರೆ ಒಂದು ತೊಟ್ಟನ್ನು ಒತ್ತುಕಾಗದದ ಮೇಲೆ ಹಾಕಿ, ಕೆಲವು ಗಂಟೆ ಬಿಟ್ಟು ನೋಡಬಹುದು. ಕಪ್ಪು ನಡುಭಾಗದ ಸುತ್ತ ತಿಳಿಯಾದ ಅಗಲ ಉಂಗುರ ಹರಡಿಕೊಂಡಿದ್ದರೆ ಡೀಸೆಲ್ ಬೆರೆತಿರುವ ಸಾಧ್ಯತೆ ಹೆಚ್ಚು. ಎಂಟು ಲೀಟರಿನ ಚೇಂಬರ್‌ಗೆ ಅರ್ಧ ಲೀಟರ್ ಡೀಸೆಲ್ ಸೇರಿದರೂ ಸಾಕು, 40ರ ದರ್ಜೆಯ ಆಯಿಲ್ ಬಹುತೇಕ 30ರ ದರ್ಜೆಗೆ ಇಳಿಯುತ್ತದೆ. ಡೀಸೆಲ್ ಬರುವ ದಾರಿಗಳು ಹೆಚ್ಚಿಲ್ಲ: ತೊಟ್ಟಿಕ್ಕುವ ನಾಜಲ್, ಡೀಸೆಲ್ ಎತ್ತುವ ಫೀಡ್ ಪಂಪಿನ ಹರಿದ ಡಯಾಫ್ರಮ್, ಡೀಸೆಲ್ ಪಂಪಿನ ಶಾಫ್ಟ್ ಸೀಲ್. ಮೂಲವನ್ನು ಸರಿಪಡಿಸದೆ ಆಯಿಲ್ ಮಾತ್ರ ಬದಲಿಸಿದರೆ ಎರಡು ವಾರದಲ್ಲಿ ಮತ್ತೆ ಅದೇ ಸ್ಥಿತಿ ಬರುತ್ತದೆ.

ಬಣ್ಣ ಹಾಲು ಬೆರೆಸಿದ ಕಾಫಿಯಂತಿದ್ದರೆ ರೇಡಿಯೇಟರ್ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಸುಟ್ಟಿರಬಹುದು ಅಥವಾ ಲೈನರ್‌ನ ಕೆಳಭಾಗದ ರಬ್ಬರ್ ರಿಂಗ್ ಹಾಳಾಗಿರಬಹುದು. ಇಂತಹ ಆಯಿಲ್‌ನಲ್ಲಿ ಎಂಜಿನ್ ಅನ್ನು ಒಂದು ನಿಮಿಷವೂ ಓಡಿಸಬಾರದು. ಟ್ರ್ಯಾಕ್ಟರ್ ಅನ್ನು ಎಳೆದುಕೊಂಡೇ ಹೋಗಬೇಕು. ಕಪ್ಪು ಬಣ್ಣಕ್ಕೆ ಮಾತ್ರ ಹೆದರಬೇಕಾಗಿಲ್ಲ. ಡೀಸೆಲ್ ಎಂಜಿನ್‌ನ ಆಯಿಲ್ ಹಾಕಿದ ಕೆಲವೇ ಗಂಟೆಗಳಲ್ಲಿ ಕಪ್ಪಾಗುವುದು ಸಹಜ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ.

ಇನ್ನೊಂದು ಎಚ್ಚರಿಕೆ. ಗೇರ್ ಬಾಕ್ಸ್ ಮತ್ತು ಹೈಡ್ರಾಲಿಕ್‌ಗೆ ಹಾಕುವ ಆಯಿಲ್ ಬೇರೆ, ಎಂಜಿನ್‌ಗೆ ಹಾಕುವ ಆಯಿಲ್ ಬೇರೆ. ಎರಡೂ ಒಂದೇ ರೀತಿಯ ಡಬ್ಬಿಗಳಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಇರುತ್ತವೆ. ಆಯಿಲ್ ತುಂಬಿದ ಮರುದಿನದಿಂದಲೇ ಒತ್ತಡ ಇಳಿದಿದ್ದರೆ, ಬೇರೆ ಕಾರಣ ಹುಡುಕುವ ಮುನ್ನ ಖಾಲಿ ಡಬ್ಬಿಯ ಮೇಲಿನ ಬರಹ ಓದುವುದು ಒಳಿತು.

ದೀಪವನ್ನೂ ಪರೀಕ್ಷಿಸಬೇಕು

ಆಯಿಲ್ ಮಟ್ಟ, ಗುಣ ಎರಡೂ ಸರಿಯಿದ್ದರೆ ಮುಂದಿನ ಪ್ರಶ್ನೆ: ಒತ್ತಡ ನಿಜವಾಗಿ ಇಳಿದಿದೆಯೇ, ದೀಪ ಸುಳ್ಳು ಹೇಳುತ್ತಿದೆಯೇ? ಎಂಜಿನ್ ಬ್ಲಾಕ್‌ಗೆ ಬಿಗಿದಿರುವ ಒತ್ತಡದ ಸ್ವಿಚ್, ಒತ್ತಡ ಇಲ್ಲದಾಗ ದೀಪದ ತಂತಿಯನ್ನು ಎಂಜಿನ್‌ನ ಲೋಹಕ್ಕೆ ಸೇರಿಸುತ್ತದೆ. ಒತ್ತಡ ಬಂದಾಗ ಬಿಡಿಸುತ್ತದೆ. ಎಂಜಿನ್ ನಿಂತಿರುವಾಗ ಕೀ ತಿರುಗಿಸಿ, ಸ್ವಿಚ್ಚಿನ ಮೇಲಿನ ತಂತಿಯನ್ನು ಕಳಚಿದರೆ ದೀಪ ಆರಬೇಕು. ಆರದಿದ್ದರೆ ತಂತಿಯ ಹೊದಿಕೆ ಎಲ್ಲೋ ಸವೆದು ಚಾಸಿಗೆ ತಗುಲಿದೆ. ಇಲಿ ಕಡಿದ ತಂತಿಗಳಲ್ಲಿ ಇದು ಅಪರೂಪವಲ್ಲ. ಸ್ವಿಚ್ಚಿನ ಸುತ್ತ ಆಯಿಲ್ ಜಿನುಗುತ್ತಿದ್ದರೆ ಸ್ವಿಚ್ಚೇ ಒಡೆದಿರುತ್ತದೆ, ಅದನ್ನು ಬದಲಿಸಬೇಕು.

ಇದರ ವಿರುದ್ಧವಾದ ದೋಷ ಹೆಚ್ಚು ಅಪಾಯಕಾರಿ. ಕೀ ತಿರುಗಿಸಿದಾಗ, ಎಂಜಿನ್ ಚಾಲೂ ಆಗುವ ಮುನ್ನ, ಈ ದೀಪ ಉರಿಯಲೇಬೇಕು. ಉರಿಯದಿದ್ದರೆ ಬಲ್ಬ್ ಸುಟ್ಟಿದೆ ಅಥವಾ ತಂತಿ ತುಂಡಾಗಿದೆ, ಅಂದರೆ ಒತ್ತಡ ಶೂನ್ಯವಾದರೂ ಚಾಲಕನಿಗೆ ತಿಳಿಯುವುದಿಲ್ಲ. ಹಳೆಯ ಟ್ರ್ಯಾಕ್ಟರ್ ಕೊಳ್ಳುವವರು ಟೈರು, ಬಣ್ಣ ನೋಡುವ ಮೊದಲು ಇದನ್ನು ನೋಡಬೇಕು. ಒತ್ತಡ ಕಡಿಮೆ ಇರುವ ಎಂಜಿನ್ ಅನ್ನು ಮಾರುವವರಿಗೆ ಬಲ್ಬ್ ಕಳಚಿಡುವುದು ಅತಿ ಸುಲಭದ ಉಪಾಯ.

ದೀಪ ಆರಿದೆಯೆಂದರೆ ಒತ್ತಡ ಸರಿಯಿದೆ ಎಂದೂ ಅಲ್ಲ. ಸಾಮಾನ್ಯವಾಗಿ ಈ ಸ್ವಿಚ್ ಪ್ರತಿ ಚದರ ಸೆಂಟಿಮೀಟರಿಗೆ 0.3ರಿಂದ 0.6 ಕೆಜಿ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಪೂರ್ಣ ವೇಗದಲ್ಲಿ 3 ಕೆಜಿ ಇರಬೇಕಾದಲ್ಲಿ 1 ಕೆಜಿ ಮಾತ್ರ ಇದ್ದರೂ ದೀಪ ಆರಿಯೇ ಇರುತ್ತದೆ. ಆದ್ದರಿಂದ ನಿಖರ ನಿರ್ಣಯಕ್ಕೆ ಗೇಜ್ ಜೋಡಿಸಿ ಅಳೆಯುವುದೊಂದೇ ಮಾರ್ಗ.

ಗೇಜ್ ಜೋಡಿಸಿ ಅಳೆಯುವ ವಿಧಾನ

ಒತ್ತಡದ ಸ್ವಿಚ್ಚನ್ನು ಬಿಚ್ಚಿ ಅದೇ ರಂಧ್ರಕ್ಕೆ ಸರಿಹೊಂದುವ ಜೋಡಕದೊಂದಿಗೆ ಯಾಂತ್ರಿಕ ಗೇಜ್ ಬಿಗಿಯಬೇಕು. 0ಯಿಂದ 7 ಅಥವಾ 10 ಕೆಜಿವರೆಗಿನ ಗೇಜ್ ಸಾಕು. ಇದರ ಬೆಲೆ ಒಂದು ಟ್ಯಾಂಕ್ ಡೀಸೆಲ್‌ನ ಬೆಲೆಗಿಂತ ಕಡಿಮೆ. ಊರಿನ ಸಹಕಾರ ಸಂಘ ಅಥವಾ ರೈತ ಉತ್ಪಾದಕರ ಕಂಪನಿ ಒಂದನ್ನು ಕೊಂಡಿಟ್ಟುಕೊಂಡರೆ ಎಲ್ಲ ಟ್ರ್ಯಾಕ್ಟರ್‌ಗಳಿಗೂ ಉಪಯೋಗವಾಗುತ್ತದೆ. ಎಂಜಿನ್ ಬಿಚ್ಚಬೇಕೆಂದು ಹೇಳುವ ಮೆಕ್ಯಾನಿಕ್‌ನಿಂದ ಮೊದಲು ಗೇಜಿನ ಅಂಕಿಯನ್ನು ಕೇಳುವುದು ರೈತರ ಹಕ್ಕು ಎಂಬುದು ನಮ್ಮ ಅಭಿಪ್ರಾಯ.

ಮೇಲೆ ಹೇಳಿದ ಆಯಿಲ್ ದೋಷಗಳು ಇಲ್ಲವೆಂದು ಖಚಿತವಾದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕು. ಗೇಜಿನ ಮುಳ್ಳು ಹತ್ತು ಸೆಕೆಂಡಿನೊಳಗೆ ಏಳದಿದ್ದರೆ ನಿಲ್ಲಿಸಿ, ಪರೀಕ್ಷೆಯನ್ನು ಅಲ್ಲಿಗೇ ಮುಗಿಸಬೇಕು. ಎದ್ದರೆ ತಣ್ಣಗಿರುವಾಗಿನ ಅಂಕಿಯನ್ನು ಬರೆದುಕೊಂಡು, ಎಂಜಿನ್ ಪೂರ್ಣ ಬಿಸಿಯಾಗುವವರೆಗೆ ಓಡಿಸಿ, ನಿಧಾನ ವೇಗದಲ್ಲೊಮ್ಮೆ, ಪೂರ್ಣ ವೇಗದಲ್ಲೊಮ್ಮೆ ಅಳೆಯಬೇಕು. ತಣ್ಣಗಿನ ಅಂಕಿಯಿಂದ ತೀರ್ಮಾನಕ್ಕೆ ಬರಬಾರದು. 15ಡಬ್ಲ್ಯೂ-40 ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿರುವುದಕ್ಕಿಂತ 100 ಡಿಗ್ರಿಯಲ್ಲಿ ಏಳೆಂಟು ಪಟ್ಟು ತೆಳುವಾಗಿರುತ್ತದೆ. ಬೆಳಗಿನ ತಂಪಿನಲ್ಲಿ ಸವೆದ ಎಂಜಿನ್ ಕೂಡ ಒಳ್ಳೆಯ ಒತ್ತಡ ತೋರಿಸುತ್ತದೆ.

ಬಿಸಿಯಾದ ಎಂಜಿನ್‌ನಲ್ಲಿ ಪೂರ್ಣ ವೇಗಕ್ಕೆ 2ರಿಂದ 4 ಕೆಜಿ, ನಿಧಾನ ವೇಗಕ್ಕೆ 0.7ರಿಂದ 1 ಕೆಜಿ ಆಸುಪಾಸಿನಲ್ಲಿರುವುದು ಬಹುತೇಕ ಟ್ರ್ಯಾಕ್ಟರ್‌ಗಳಿಗೆ ಸಮಾಧಾನಕರ. ಆದರೆ ಪ್ರತಿ ಮಾದರಿಗೂ ತಯಾರಕರು ಕೈಪಿಡಿಯಲ್ಲಿ ಕೊಟ್ಟಿರುವ ಅಂಕಿಯೇ ಅಂತಿಮ. ಗೇಜ್ ಪೌಂಡಿನ ಲೆಕ್ಕದಲ್ಲಿದ್ದರೆ 14.2 ಪಿಎಸ್‌ಐಗೆ 1 ಕೆಜಿ ಎಂದು ಪರಿವರ್ತಿಸಿಕೊಳ್ಳಬೇಕು.

ಮುಳ್ಳಿನ ನಡೆಯನ್ನು ಓದುವುದು

ಒತ್ತಡ ಎಷ್ಟಿದೆ ಎಂಬುದಕ್ಕಿಂತ ಅದು ಹೇಗೆ ವರ್ತಿಸುತ್ತದೆ ಎಂಬುದು ಕಾರಣವನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ.

ಸಮತಟ್ಟಿನಲ್ಲಿ ಸ್ಥಿರವಾಗಿದ್ದು, ಇಳಿಜಾರಿನಲ್ಲಿ ಅಥವಾ ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಕೆಸರು ಮಾಡುವಾಗ ಮುಳ್ಳು ಕುಣಿದರೆ, ಪಂಪ್ ಗಾಳಿಯನ್ನು ಹೀರುತ್ತಿದೆ. ಆಯಿಲ್ ಮಟ್ಟ ಕಡಿಮೆ ಇರಬಹುದು ಅಥವಾ ಹೀರುಕೊಳವೆಯ ರಬ್ಬರ್ ರಿಂಗ್ ಬಿರುಕು ಬಿಟ್ಟಿರಬಹುದು.

ವೇಗ ಹೆಚ್ಚಿಸಿದಂತೆ ಒತ್ತಡ ಮೊದಲು ಏರಿ, ಒಂದು ಹಂತದ ನಂತರ ಮತ್ತೆ ಇಳಿದರೆ ಜಾಲರಿ ಕಟ್ಟಿಕೊಂಡಿದೆ ಎಂದು ಊಹಿಸಬೇಕು. ನಿಧಾನ ವೇಗದಲ್ಲಿ ಬೇಕಾಗುವಷ್ಟು ಆಯಿಲ್ ಜಾಲರಿ ದಾಟುತ್ತದೆ, ಹೆಚ್ಚು ಕೇಳಿದಾಗ ದಾಟುವುದಿಲ್ಲ. ಏರಿದ ಒತ್ತಡ ಇಳಿಯದೆ, 1.5 ಕೆಜಿಯಂತಹ ಕಡಿಮೆ ಅಂಕಿಯಲ್ಲಿ ಗೂಟ ಹೊಡೆದಂತೆ ನಿಂತರೆ ರಿಲೀಫ್ ವಾಲ್ವ್‌ನ ಸ್ಪ್ರಿಂಗ್ ಸೋತಿದೆ ಅಥವಾ ಕಸ ಸಿಕ್ಕಿ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ.

ತಣ್ಣಗಿರುವಾಗ ಚೆನ್ನಾಗಿದ್ದು ಬಿಸಿಯಾದಂತೆ ನಿಧಾನ ವೇಗದಲ್ಲಿ ಬಿದ್ದುಹೋದರೆ, ಬೇರಿಂಗ್ ಸವೆತ ಅಥವಾ ತೆಳುವಾದ ಆಯಿಲ್ ಕಾರಣ. ಇಲ್ಲಿ ಒಂದು ಅಂಶವನ್ನು ಮರೆಯಬಾರದು. ಎಂಜಿನ್ ಮಿತಿಮೀರಿ ಕಾಯುತ್ತಿದ್ದರೆ ಆರೋಗ್ಯವಂತ ಬೇರಿಂಗ್‌ಗಳಲ್ಲಿಯೂ ಒತ್ತಡ ಇಳಿಯುತ್ತದೆ. ತೊಗರಿ, ಜೋಳ ಒಕ್ಕಣೆಯ ಕಾಲದಲ್ಲಿ ಥ್ರೆಶರ್ ಪಕ್ಕ ದಿನವಿಡೀ ನಿಲ್ಲುವ ಟ್ರ್ಯಾಕ್ಟರ್‌ನ ರೇಡಿಯೇಟರ್ ಜಾಲರಿ ಹೊಟ್ಟಿನಿಂದ ಮುಚ್ಚಿಹೋಗಿರುತ್ತದೆ. ಅದನ್ನು ಶುಚಿಗೊಳಿಸಿ, ಫ್ಯಾನ್ ಬೆಲ್ಟಿನ ಬಿಗಿ ಸರಿಪಡಿಸಿ ಮತ್ತೊಮ್ಮೆ ಅಳೆದ ಮೇಲೆಯೇ ಬೇರಿಂಗ್‌ಗಳ ಮೇಲೆ ಸಂದೇಹಪಡಬೇಕು.

ನಿನ್ನೆಯವರೆಗೆ ಸರಿಯಾಗಿದ್ದ ಒತ್ತಡ ಇಂದು ಏಕಾಏಕಿ ಶೂನ್ಯವಾದರೆ ಅದು ಸವೆತವಲ್ಲ. ಸವೆತ ಒಂದು ದಿನದಲ್ಲಿ ಆಗುವುದಿಲ್ಲ. ಪಂಪಿನ ಚಾಲಕ ಗೇರ್ ಅಥವಾ ಪಿನ್ ಮುರಿದಿರುವುದು, ಹೀರುಕೊಳವೆ ಕಳಚಿರುವುದು, ರಿಲೀಫ್ ವಾಲ್ವ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರುವುದು ಇಂತಹ ಕಾರಣಗಳನ್ನು ನೋಡಬೇಕು. ಬೆಳಿಗ್ಗೆ ಚಾಲೂ ಮಾಡಿದಾಗ ಮಾತ್ರ ದೀಪ ಐದಾರು ಸೆಕೆಂಡು ಉಳಿದು ನಂತರ ಎಲ್ಲವೂ ಸರಿಯಾಗಿರುವುದಾದರೆ ಫಿಲ್ಟರ್‌ನೊಳಗಿನ ಒಮ್ಮುಖ ವಾಲ್ವ್ ಕೆಟ್ಟು ರಾತ್ರಿ ಆಯಿಲ್ ಕೆಳಗಿಳಿಯುತ್ತಿದೆ; ಒಳ್ಳೆಯ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ.

ಫಿಲ್ಟರ್, ಜಾಲರಿ, ಪಂಪ್

ದುರಸ್ತಿಯನ್ನು ಕಡಿಮೆ ಖರ್ಚಿನದರಿಂದ ಆರಂಭಿಸಬೇಕು. ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಮತ್ತೆ ಅಳೆಯುವುದು ಮೊದಲ ಹೆಜ್ಜೆ. ಮೂಲ ತಯಾರಕರ ಫಿಲ್ಟರ್‌ನಂತೆಯೇ ಕಾಣುವ ನಕಲಿಗಳಲ್ಲಿ ಒಳಗಿನ ಕಾಗದ ಕಡಿಮೆ, ಬೈಪಾಸ್ ವಾಲ್ವ್‌ನ ಸ್ಪ್ರಿಂಗ್ ದುರ್ಬಲ. ಸ್ಪ್ರಿಂಗ್ ದುರ್ಬಲವಾದರೆ ಆಯಿಲ್ ಶೋಧಿಸಲ್ಪಡದೆಯೇ ಬೇರಿಂಗ್‌ಗಳಿಗೆ ಹೋಗುತ್ತದೆ. ಒತ್ತಡ ಸರಿಯಾಗಿರುತ್ತದೆ, ಸವೆತ ಮಾತ್ರ ಮೌನವಾಗಿ ನಡೆಯುತ್ತದೆ.

ಹಳೆಯ ಆಯಿಲ್ ಇಳಿಸುವಾಗ ಕೊನೆಯ ಲೋಟದಷ್ಟನ್ನು ಬಿಳಿ ತಟ್ಟೆಗೆ ಹಿಡಿದು ಬಿಸಿಲಿನಲ್ಲಿ ಓರೆಯಾಗಿಸಿ ನೋಡಬೇಕು. ಹೊಳೆಯುವ ಲೋಹದ ಚೂರುಗಳಿದ್ದರೆ ಅಯಸ್ಕಾಂತ ಹಿಡಿಯಬೇಕು. ಅಂಟಿಕೊಂಡವು ಉಕ್ಕಿನ ಭಾಗಗಳದ್ದು. ಅಂಟದ ಬೆಳ್ಳಿ ಬಣ್ಣದ ಅಥವಾ ತಾಮ್ರ ಬಣ್ಣದ ಪುಡಿ ಬೇರಿಂಗ್‌ನದ್ದಾಗಿರುವ ಸಂಭವ ಹೆಚ್ಚು. ಫಿಲ್ಟರ್ ಅನ್ನು ಗರಗಸದಿಂದ ಕತ್ತರಿಸಿದರೆ ಕತ್ತರಿಸಿದ ಪುಡಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಉಳಿಯಿಂದ ಅಂಚನ್ನು ಬಿಡಿಸಿ ಕಾಗದದ ಮಡಿಕೆಗಳನ್ನು ನೋಡುವುದು ಸರಿ.

ಜಾಲರಿ ಮತ್ತು ಪಂಪ್ ನೋಡಲು ಚೇಂಬರ್ ಇಳಿಸಬೇಕು. ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಎರಕದ ಚೇಂಬರ್, ಮುಂದಿನ ಆಕ್ಸಲ್‌ನಿಂದ ಕ್ಲಚ್ ಹೌಸಿಂಗ್‌ವರೆಗಿನ ಭಾರವನ್ನು ಹೊರುವ ಚಾಸಿಯೂ ಆಗಿರುತ್ತದೆ. ಅದನ್ನು ಕಾರಿನ ತಗಡಿನ ಚೇಂಬರ್‌ನಂತೆ ಹೊಲದಲ್ಲಿ ಬಿಚ್ಚಲು ಹೊರಟರೆ ಟ್ರ್ಯಾಕ್ಟರ್ ಎರಡಾಗಿ ಕುಸಿದು ಪ್ರಾಣಾಪಾಯವಾಗಬಹುದು. ಈ ಕೆಲಸ ಸ್ಟ್ಯಾಂಡ್ ಮತ್ತು ಎತ್ತುವ ಸಾಧನ ಇರುವ ವರ್ಕ್‌ಶಾಪ್‌ನಲ್ಲಿಯೇ ಆಗಬೇಕು.

ಚೇಂಬರ್ ಇಳಿಸಿದಾಗ ತಳದಲ್ಲಿ ಡಾಂಬರಿನಂತಹ ಗಸಿ ಇದ್ದರೆ ಆಯಿಲ್ ಬದಲಾವಣೆ ತಪ್ಪುತ್ತಾ ಬಂದಿದೆ ಎಂದರ್ಥ. ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆಯಬೇಕು. ಪಂಪಿನ ಗೇರ್‌ಗಳ ಮತ್ತು ಮುಚ್ಚಳದ ನಡುವಿನ ಅಂತರವನ್ನು ಫೀಲರ್ ಗೇಜಿನಿಂದ ಅಳೆದು ಕೈಪಿಡಿಯ ಮಿತಿಯೊಂದಿಗೆ ಹೋಲಿಸಬೇಕು. ಮುಚ್ಚಳದ ಒಳಮುಖದಲ್ಲಿ ಬೆರಳಿಗೆ ಹತ್ತುವಷ್ಟು ಗೀರುಗಳಿದ್ದರೆ ಪಂಪ್ ಬದಲಿಸುವುದೇ ಲೇಸು. ರಿಲೀಫ್ ವಾಲ್ವ್ ಕಡಿಮೆ ಒತ್ತಡ ತೋರಿಸಿದಾಗ ಸ್ಪ್ರಿಂಗಿನ ಹಿಂದೆ ವಾಷರ್ ಸೇರಿಸಿ ಅಂಕಿಯನ್ನು ಏರಿಸುವ ಪದ್ಧತಿ ಕೆಲವೆಡೆ ಇದೆ. ಇದರಿಂದ ಬಿಸಿ ಎಂಜಿನ್‌ನ ನಿಧಾನ ವೇಗದ ಒತ್ತಡ ಏನೂ ಬದಲಾಗದು, ಏಕೆಂದರೆ ಆ ಹೊತ್ತಿನಲ್ಲಿ ವಾಲ್ವ್ ಹೇಗೂ ಮುಚ್ಚಿಯೇ ಇರುತ್ತದೆ. ತಣ್ಣಗಿರುವಾಗ ಮಾತ್ರ ಒತ್ತಡ ಅತಿಯಾಗಿ ಏರಿ ಫಿಲ್ಟರ್‌ನ ರಬ್ಬರ್ ಹೊರಚಿಮ್ಮಬಹುದು.

ಬೇರಿಂಗ್ ಸವೆತ ಮತ್ತು ದಪ್ಪ ಆಯಿಲ್

ಆಯಿಲ್, ತಾಪ, ಫಿಲ್ಟರ್, ಜಾಲರಿ, ಪಂಪ್ ಎಲ್ಲವೂ ಸರಿಯಿದ್ದೂ ಬಿಸಿ ಎಂಜಿನ್‌ನಲ್ಲಿ ಒತ್ತಡ ಇಲ್ಲವೆಂದರೆ ಉಳಿದದ್ದು ಬೇರಿಂಗ್‌ಗಳು. ಹೊರೆ ಬಿದ್ದಾಗ ಎಂಜಿನ್‌ನ ಕೆಳಭಾಗದಿಂದ ಟಕ್ ಟಕ್ ಸದ್ದು ಕೇಳಿಸುತ್ತಿದ್ದರೆ ಸಂದೇಹವೇ ಬೇಡ.

ಈ ಹಂತದಲ್ಲಿ ಅನೇಕರು ಮೊರೆಹೋಗುವುದು ದಪ್ಪ ಆಯಿಲ್‌ಗೆ, ಅಥವಾ ಒತ್ತಡ ಹೆಚ್ಚಿಸುತ್ತದೆಂದು ಮಾರಾಟವಾಗುವ ಅಂಟು ದ್ರವದ ಡಬ್ಬಿಗೆ. ಇದು ಏಕೆ ಪರಿಹಾರವಲ್ಲ ಎಂಬುದನ್ನು ಲೆಕ್ಕವೇ ಹೇಳುತ್ತದೆ. ಬೇರಿಂಗ್‌ನ ಬದಿಯಿಂದ ಸೋರುವ ಆಯಿಲ್‌ನ ಪ್ರಮಾಣ ಅಂತರದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 0.05 ಮಿ.ಮೀ. ಇದ್ದ ಅಂತರ ಸವೆದು 0.10 ಮಿ.ಮೀ. ಆದರೆ, ಅಂದರೆ ಎರಡರಷ್ಟಾದರೆ, ಅದೇ ಒತ್ತಡದಲ್ಲಿ ಸೋರಿಕೆ ಎಂಟರಷ್ಟಾಗುತ್ತದೆ. 40ರ ದರ್ಜೆಯ ಬದಲು 50ರ ದರ್ಜೆಯ ಆಯಿಲ್ ಹಾಕಿದರೆ ಬಿಸಿಯಲ್ಲಿ ಅದರ ಸ್ನಿಗ್ಧತೆ ಹೆಚ್ಚುವುದು ಸುಮಾರು ಮೂರನೇ ಒಂದು ಪಾಲಿನಷ್ಟು ಮಾತ್ರ. ಗೇಜಿನ ಮುಳ್ಳು ಸ್ವಲ್ಪ ಏಳುತ್ತದೆ, ದೀಪ ಆರುತ್ತದೆ, ಚಾಲಕನಿಗೆ ಸಮಾಧಾನವಾಗುತ್ತದೆ. ಒಳಗೆ ತೂತು ಅಷ್ಟೇ ದೊಡ್ಡದಾಗಿ ಉಳಿದಿರುತ್ತದೆ. ಮೇಲಾಗಿ ಬೆಳಗಿನ ಚಾಲನೆಯಲ್ಲಿ ದಪ್ಪ ಆಯಿಲ್ ರಾಕರ್‌ಗಳಿಗೆ, ಟರ್ಬೊ ಇದ್ದರೆ ಅದರ ಬೇರಿಂಗ್‌ಗೆ ತಡವಾಗಿ ತಲುಪಿ ಅಲ್ಲಿ ಹೊಸ ಸವೆತವನ್ನು ಆರಂಭಿಸುತ್ತದೆ. ಬಿತ್ತನೆಯ ಉಳಿದ ಎರಡು ದಿನ ದೂಡಲು ಮೆಕ್ಯಾನಿಕ್ ಒಬ್ಬರು ಇದನ್ನು ಸೂಚಿಸಿದರೆ ಅದು ಎರಡು ದಿನದ ಮಾತೆಂದೇ ತಿಳಿಯಬೇಕು. ಅದಕ್ಕಿಂತ ಹೋಬಳಿಯ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಿಂದ ಟ್ರ್ಯಾಕ್ಟರ್ ಪಡೆದು ಬಿತ್ತನೆ ಮುಗಿಸುವುದು ಅಗ್ಗ.

ಕಾಲದಲ್ಲಿ ಬಿಚ್ಚಿದರೆ ಆಗುವ ಲಾಭವೂ ದೊಡ್ಡದು. ಕ್ರ್ಯಾಂಕ್‌ನ ಮೇಲ್ಮೈ ಇನ್ನೂ ನುಣುಪಾಗಿದ್ದು ಅಳತೆ ಮಿತಿಯೊಳಗಿದ್ದರೆ ಹೊಸ ಬೇರಿಂಗ್ ಜೋಡಿಗಳನ್ನು ಹಾಕಿದರೆ ಸಾಕು. ತಡವಾಗಿ ಕ್ರ್ಯಾಂಕ್ ಗೀರುಬಿದ್ದಿದ್ದರೆ ಅದನ್ನು ಗ್ರೈಂಡಿಂಗ್ ಮಾಡಿಸಿ, 0.25 ಅಥವಾ 0.50 ಮಿ.ಮೀ. ಕಿರಿದಾದ ಅಳತೆಯ ಬೇರಿಂಗ್ ಹಾಕಬೇಕಾಗುತ್ತದೆ. ಪ್ರತಿ ಕ್ರ್ಯಾಂಕ್‌ಗೂ ಇಂತಹ ಗ್ರೈಂಡಿಂಗ್‌ಗಳಿಗೆ ಮಿತಿಯಿದೆ. ಇನ್ನೂ ತಡವಾದರೆ ಬೇರಿಂಗ್ ಚಿಪ್ಪು ತನ್ನ ಮನೆಯಲ್ಲೇ ತಿರುಗಿ ಬ್ಲಾಕ್ ಹಾಳಾಗುತ್ತದೆ. ಕೆಲಸ ಮಾಡಿಸುವಾಗ ಕ್ರ್ಯಾಂಕ್‌ನ ಪ್ರತಿಯೊಂದು ಜರ್ನಲ್ ಅನ್ನು ಮೈಕ್ರೊಮೀಟರಿನಿಂದ ಅಳೆದ ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಕ್ರ್ಯಾಂಕ್‌ನ ಒಳರಂಧ್ರಗಳನ್ನು ತೊಳೆಯದೆ ಜೋಡಿಸಿದರೆ ಗ್ರೈಂಡಿಂಗ್‌ನ ಮರಳುಪುಡಿ ಮೊದಲ ದಿನವೇ ಹೊಸ ಬೇರಿಂಗ್ ಅನ್ನು ತಿನ್ನುತ್ತದೆ. ಬೇರಿಂಗ್ ನಟ್ಟುಗಳನ್ನು ಅಂದಾಜಿನಿಂದಲ್ಲ, ಟಾರ್ಕ್ ರೆಂಚಿನಿಂದ ಬಿಗಿಯುವುದನ್ನು ಎದುರಿಗೆ ನಿಂತು ನೋಡಬೇಕು.

ದುರಸ್ತಿಯ ನಂತರ

ಖಾಲಿಯಾಗಿದ್ದ ಎಂಜಿನ್ ಅನ್ನು ನೇರವಾಗಿ ಚಾಲೂ ಮಾಡಿದರೆ ಆಯಿಲ್ ಬೇರಿಂಗ್ ಮುಟ್ಟುವ ಮುನ್ನವೇ ಅದು ಒಣಗಿ ತಿರುಗುತ್ತದೆ. ಪಂಪ್ ಜೋಡಿಸುವ ಮೊದಲು ಅದರೊಳಗೆ ಆಯಿಲ್ ತುಂಬಬೇಕು. ಫಿಲ್ಟರ್ ನೇರವಾಗಿ ನಿಲ್ಲುವ ಬಗೆಯದಾದರೆ ಅದಕ್ಕೂ ಶುಭ್ರ ಆಯಿಲ್ ಹಾಕಬೇಕು. ನಂತರ ಸ್ಟಾಪ್ ನಾಬ್ ಅನ್ನು ಎಳೆದು ಹಿಡಿದು, ಎಂಜಿನ್ ಹತ್ತಿಕೊಳ್ಳದಂತೆ, ಸೆಲ್ಫ್ ಅನ್ನು ಹತ್ತು ಸೆಕೆಂಡಿಗೆ ಮೀರದಂತೆ ಬಿಟ್ಟು ಬಿಟ್ಟು ತಿರುಗಿಸಬೇಕು. ಗೇಜಿನ ಮುಳ್ಳು ಎದ್ದ ಮೇಲೆ, ಅಥವಾ ದೀಪ ಆರಿದ ಮೇಲೆ ಚಾಲೂ ಮಾಡಬೇಕು. ಹೊಸ ಬೇರಿಂಗ್ ಹಾಕಿದ ಎಂಜಿನ್‌ಗೆ ಮೊದಲ 50 ಗಂಟೆ ಭಾರಿ ಹೊರೆ ಕೊಡದೆ, ಆ ಅವಧಿ ಮುಗಿದ ಕೂಡಲೇ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು ಉತ್ತಮ.

ಮುಂದೆ ಕೈಪಿಡಿ ಹೇಳಿದ ಅವಧಿಗೆ, ಬಹುತೇಕ ಮಾದರಿಗಳಲ್ಲಿ 250 ಗಂಟೆಗೊಮ್ಮೆ, ಆಯಿಲ್ ಬದಲಿಸಬೇಕು. ಕಬ್ಬಿನ ಟ್ರೈಲರ್ ಎಳೆಯುವ ಟ್ರ್ಯಾಕ್ಟರ್ ಸೀಸನ್‌ನಲ್ಲಿ ಈ ಗಂಟೆಗಳನ್ನು ಒಂದು ತಿಂಗಳಲ್ಲೇ ಮುಗಿಸಬಹುದು, ಆದ್ದರಿಂದ ತಿಂಗಳ ಲೆಕ್ಕ ಬಿಟ್ಟು ಅವರ್ ಮೀಟರ್ ನೋಡಬೇಕು. ಮೀಟರ್ ಕೆಟ್ಟಿದ್ದರೆ ಡೀಸೆಲ್ ಲೆಕ್ಕದಿಂದ ಅಂದಾಜಿಸಬಹುದು: ಗಂಟೆಗೆ 4 ಲೀಟರ್ ಕುಡಿಯುವ ಟ್ರ್ಯಾಕ್ಟರ್‌ಗೆ 1000 ಲೀಟರ್ ಡೀಸೆಲ್ ಎಂದರೆ 250 ಗಂಟೆ.

ಇಳಿಸಿದ ಹಳೆಯ ಆಯಿಲ್ ಅನ್ನು ಬದುವಿಗೆ, ಕಾಲುವೆಗೆ ಸುರಿಯಬಾರದು. ಗೆದ್ದಲಿಗೆಂದು ಮರಕ್ಕೆ, ಗಾಯಕ್ಕೆಂದು ದನಗಳ ಮೈಗೆ ಹಚ್ಚುವುದೂ ಸಲ್ಲದು. ಅದರಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳಿರುತ್ತವೆ. ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ, ಪರವಾನಗಿ ಪಡೆದ ಮರುಸಂಸ್ಕರಣೆಯವರಿಗೆ ಕಳುಹಿಸುವ ವರ್ಕ್‌ಶಾಪ್‌ಗೆ ಕೊಡಬೇಕು.

ವಿಸ್ತರಣಾ ಕಾರ್ಯಕರ್ತರು ಯಂತ್ರೋಪಕರಣಗಳ ತರಬೇತಿಯಲ್ಲಿ ಈ ವಿಷಯವನ್ನು ಹೇಳುವಾಗ ನೆರೆದಿರುವ ಟ್ರ್ಯಾಕ್ಟರ್‌ಗಳ ಕೀ ತಿರುಗಿಸಿ, ಎಷ್ಟರಲ್ಲಿ ಆಯಿಲ್ ದೀಪ ಉರಿಯುತ್ತದೆ ಎಂದು ಎಣಿಸುವುದರಿಂದ ಆರಂಭಿಸಬಹುದು. ದೀಪ ಉರಿಯದ ಟ್ರ್ಯಾಕ್ಟರ್‌ಗಳಿಗೆ ಅಂದೇ ಬಲ್ಬ್ ಹಾಕಿಸಿ ಕಳುಹಿಸಬೇಕು.